ನಾಕಾಕ್ಕೊಂದು ಸೂರು, ಕಾಕಾನಿಗೊಂದು ನೇಮ

ನನ್ನ ಕಾಕಾ ಒಂದು ಇಡೀ ಮ್ಯುನಿಸಿಪಾಲ್ಟಿಯ ಮೇಲೆ ಯುದ್ಧ ಹೂಡಿ, ಸೋತು, ಸೋತದ್ದಕ್ಕಾಗಿಯೇ ಸಂತನೆನಿಸಿಕೊಂಡ ಮನುಷ್ಯ. ಇಂಥ ಸೋಲು ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ ಬಿಡಿ! ಅವನ ಹೆಸರನ್ನು ನಾನು ಹೇಳುವುದಿಲ್ಲ. ಊರಿನ ಹೆಸರನ್ನೂ ಹೇಳುವುದಿಲ್ಲ. ಹಾತಕಣಂಗಲೆಯಲ್ಲಿ ರೈಲಿಳಿದು ಇಚಲಕರಂಜಿಯ ಕಡೆ ಚಕ್ಕಡಿ ಹಿಡಿದರೆ ಎಲ್ಲೋ ಒಂದು ಕಡೆ ಸಿಗುತ್ತದೆ ಅಂದುಕೊಳ್ಳಿ. ಹೇಳಿದರೆ ಆ ಊರಿನವರು ಇವತ್ತೇ ಹಾರ ಹಿಡಿದುಕೊಂಡು ಬರುತ್ತಾರೆ, ಕಾಕಾನಿಗೆ ಹಾರ ಕಂಡರೆ ಆಗುತ್ತಿರಲಿಲ್ಲ.

ಕಾಕಾ ಜಕಾತಿ ಕಾರಕೂನ. ಊರೊಳಗೆ ಬರುವ ಬೆಲ್ಲ, ಶೇಂಗಾ, ನೂಲಿನ ಗಂಟುಗಳ ಮೇಲೆ ಜಕಾತಿ ಹಾಕುವ ಕಚೇರಿಯಲ್ಲಿ ಅವನ ಗಾದಿ, ಮೇಜು. ಊರ ಬಾಗಿಲಲ್ಲಿ ನಾಕಾ. ನಾಕಾ ಅಂದರೆ ದೊಡ್ಡ ಕಲ್ಪನೆ ಮಾಡಿಕೊಳ್ಳಬೇಡಿ: ರಸ್ತೆಗೆ ಅಡ್ಡವಾಗಿ ಒಂದು ಬಿದಿರು, ಬಿದಿರಿನ ಪಕ್ಕ ಒಬ್ಬ ಶಿಪಾಯಿ. ಗೋಡೆಯಿಲ್ಲ, ಸೂರಿಲ್ಲ, ಕೂಡಲು ಒಂದು ಮಣೆಯೂ ಇಲ್ಲ. ಆ ಶಿಪಾಯಿ ಗುಂಡೂ. ಬೇಸಿಗೆಯಲ್ಲಿ ಅವನು ಒಣಗುತ್ತಿದ್ದ, ಮಳೆಗಾಲದಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನೆನೆಯುತ್ತಿದ್ದ, ಎರಡೂ ಕಾಲದಲ್ಲಿ ಕೆಮ್ಮುತ್ತಿದ್ದ. ಬಿದಿರು ಮಾತ್ರ ಗಟ್ಟಿಮುಟ್ಟಾಗಿತ್ತು, ಮ್ಯುನಿಸಿಪಾಲ್ಟಿ ಅದಕ್ಕೆ ವರ್ಷಕ್ಕೊಮ್ಮೆ ಡಾಂಬರು ಬಳಿಸುತ್ತಿತ್ತು!

ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ನಮ್ಮೂರಿನ ಕಸ ಗುಡಿಸುವವರು, ಬೀದಿದೀಪ ಹಚ್ಚುವವರು, ನಾಕಾದ ಶಿಪಾಯಿಗಳು, ಕಾರಕೂನರು ಸೇರಿ ನೌಕರರ ಸಂಘ ಕಟ್ಟಿದರು. ಆ ದಿನ ಕಾಕಾನಿಗೆ ಜ್ವರ. ಸಭೆಗೆ ಬಂದವರಾರೂ ಸೆಕ್ರೆಟರಿಯಾಗಲು ಒಪ್ಪಲಿಲ್ಲ; ಒಪ್ಪುವುದಿಲ್ಲ ಎಂದು ಹೇಳಲು ಅಲ್ಲಿಲ್ಲದವನು ಇವನೊಬ್ಬನೇ. ಆರಿಸಿಬಿಟ್ಟರು! ಜ್ವರ ಇಳಿಯಿತು, ಸೆಕ್ರೆಟರಿಗಿರಿ ಇಳಿಯಲಿಲ್ಲ.

ಮೊದಲ ಬೇಡಿಕೆ ಚಪ್ಪಲಿ. ಕೊಲ್ಲಾಪುರದ ಚಪ್ಪಲಿ ಹಾಕಿಕೊಂಡು ಮುಂಬಯಿಯ ಶೇಟರು ಮೆರೆಯುತ್ತಿದ್ದರೆ, ಅದೇ ಸೀಮೆಯಲ್ಲಿ ಗಾಜಿನ ಚೂರು ಗುಡಿಸುವವರು ಬರಿಗಾಲಲ್ಲಿ! ಕಾಕಾ ಅರ್ಜಿ ಕೊಟ್ಟ. ಅಧ್ಯಕ್ಷರು ಬೆಲ್ಲದ ವ್ಯಾಪಾರಿ, ಮಾತೂ ಹಾಗೆಯೇ ಸಿಹಿ. ವಿಚಾರ ಮಾಡೋಣ ಎಂದರು. ವಿಚಾರ ಮಾಡುತ್ತಲೇ ದಸರೆ ಹೋಯಿತು, ದೀಪಾವಳಿ ಹೋಯಿತು, ಮತ್ತೆ ಚಾತುರ್ಮಾಸ ಬಂತು.

ಚಾತುರ್ಮಾಸದಲ್ಲಿ ನಮ್ಮ ಜೈನರ ಮನೆಗಳಲ್ಲಿ ನೇಮ ಹಿಡಿಯುವುದು ವಾಡಿಕೆ. ಬಸ್ತಿಗೆ ಹೋಗಿ, ಮುನಿಗಳ ಎದುರು ಕಾಯಿ ಇಟ್ಟು, ಇಂತಿಷ್ಟು ಕಾಲ ಹಸಿ ಪಲ್ಯ ತಿನ್ನುವುದಿಲ್ಲ, ತುಪ್ಪ ಮುಟ್ಟುವುದಿಲ್ಲ ಎಂದು ಏನಾದರೊಂದು ಬಿಡುತ್ತಾರೆ. ಕಾಕಾನೂ ಕಾಯಿ ಇಟ್ಟ. ಮ್ಯುನಿಸಿಪಾಲ್ಟಿ ತನ್ನ ನೌಕರರಿಗೆ ಚಪ್ಪಲಿ ಕೊಡುವತನಕ ನಾನೂ ಮೆಟ್ಟುವುದಿಲ್ಲ ಎಂದು ನೇಮ ಹಿಡಿದ. ಅವನ ಲೆಕ್ಕ ಏನಿತ್ತೆಂದರೆ, ಕಾರಕೂನನೊಬ್ಬ ಬಿಸಿಲಲ್ಲಿ ಬರಿಗಾಲಲ್ಲಿ ಓಡಾಡಿದರೆ ಊರಿಗೆ ನಾಚಿಕೆಯಾಗುತ್ತದೆ ಎಂದು. ಪಾಪ! ಊರಿಗೆ ಆದದ್ದು ಭಕ್ತಿ. ಮರುದಿನವೇ ಅಧ್ಯಕ್ಷರು ಕಚೇರಿಗೆ ಬಂದು, ಎಲ್ಲರೆದುರು ಬಗ್ಗಿ ಕಾಕಾನ ಬರಿಗಾಲು ಮುಟ್ಟಿ ನಮಸ್ಕಾರ ಮಾಡಿದರು. ಚಪ್ಪಲಿ ಕೇಳಿದವನಿಗೆ ನಮಸ್ಕಾರ ಸಿಕ್ಕಿತು, ನಮಸ್ಕಾರಕ್ಕೆ ಖರ್ಚಿಲ್ಲ ನೋಡಿ.

ಸಂಘದ ಮಿಕ್ಕ ಕಾರಕೂನರು ತಾವೂ ಹಿಂದೆ ಬೀಳಬಾರದೆಂದು ನೇಮ ಹಿಡಿದರು. ಒಬ್ಬ ಹಾಗಲಕಾಯಿ ಬಿಟ್ಟ. ಇನ್ನೊಬ್ಬ ಅತ್ತೆಯ ಮನೆಗೆ ಹೋಗುವುದನ್ನು ಬಿಟ್ಟ. ಮೂರನೆಯವನು, ಬೇಡಿಕೆ ಈಡೇರುವತನಕ ಆನೆಯ ಮೇಲೆ ಕೂಡುವುದಿಲ್ಲ ಎಂದ! ಹೋರಾಟ ಹೀಗೆ ಜೋರಾಗಿ ನಡೆಯಿತು.

ಚಪ್ಪಲಿಯ ಬಗ್ಗೆ ಮಾತಾಡಲು ಕಾಕಾ ನಾಕಾಕ್ಕೆ ಹೋದಾಗ ಗುಂಡೂ ಮೆಲ್ಲಗೆ ಹೇಳಿದನಂತೆ, "ನನಗ ಚಪ್ಲಿ ಬ್ಯಾಡ್ರಿ ಸಾಹೇಬ್ರ. ತಲಿ ಮ್ಯಾಲ ಒಂದ್ ತಗಡ ಹಾಕಸ್ರಿ, ಸಾಕು. ಇನ್ನ ಭಾಳ ಮಳಿಗಾಲ ಈ ಎದಿ ತಡಿಯೂದಿಲ್ಲ."

ಕಾಕಾ ನಾಕಾದಿಂದ ಸೀದಾ ಬಸ್ತಿಗೆ ಹೋದ. ಸಿಟ್ಟಿನ ಭರದಲ್ಲಿ, ನಾಕಾಕ್ಕೆ ಸೂರು ಬರುವತನಕ ಕೂಡುವುದಿಲ್ಲ ಎಂದು ಎರಡನೆಯ ನೇಮ ಹಿಡಿದೇಬಿಟ್ಟ. ಮಲಗುವುದುಂಟು, ನಿಲ್ಲುವುದುಂಟು, ಕೂಡುವುದು ಮಾತ್ರ ಇಲ್ಲ.

ಇನ್ನು ಮನೆಯ ಅವಸ್ಥೆ ಕೇಳಿ! ಕಾಕಾ ನಿಂತೇ ಉಣ್ಣುತ್ತಿದ್ದ. ಕಾಕಿ ಗಂಗಾಳವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಡಿಸುತ್ತಿದ್ದಳು. ಕಚೇರಿಯಲ್ಲಿ ಅವನು ಬಗ್ಗಿ ಬಗ್ಗಿ ಬರೆಯುವುದನ್ನು ನೋಡಲಾರದೆ ಮ್ಯುನಿಸಿಪಾಲ್ಟಿ ಸಭೆ ಕರೆದು, ಮೇಜಿನ ಕಾಲಡಿ ಇಡಲು ಇಟ್ಟಿಗೆಗಳನ್ನು ಮಂಜೂರು ಮಾಡಿತು. ಸಂಘದ ಹೋರಾಟಕ್ಕೆ ಮಣಿದು ಅವರು ಬಿಚ್ಚಿದ ಮೊದಲ ಕಾಸು ಅದು. ಅದೇ ಇಟ್ಟಿಗೆಗಳನ್ನು ನಾಕಾದಲ್ಲಿಟ್ಟಿದ್ದರೆ ಗುಂಡೂ ಅವುಗಳ ಮೇಲಾದರೂ ಕೂಡುತ್ತಿದ್ದ.

ಊರಿನಲ್ಲಿ ಆಗದ್ದು ಕೊಲ್ಲಾಪುರದಲ್ಲಿ ಆದೀತೆಂದು ಕಾಕಾ ಒಬ್ಬ ದೊಡ್ಡ ಸಾಹೇಬರನ್ನು ಕಾಣಲು ಹೊರಟ. ಹಾತಕಣಂಗಲೆಯಿಂದ ರೈಲಿನಲ್ಲಿ ನಿಂತೇ ಹೋದ, ಜಾಗ ಖಾಲಿ ಇತ್ತು ಎಂಬುದು ಬೇರೆ ಮಾತು. ಆ ಸಾಹೇಬರು ಭಾಳ ಸಂಭಾವಿತರು. "ಬಸಾ, ಬಸಾ," ಎಂದು ಮರಾಠಿಯಲ್ಲಿ ಉಪಚಾರ ಮಾಡಿ ಖುರ್ಚಿ ತೋರಿಸಿದರು. ಕಾಕಾ ಕೂಡಲಿಲ್ಲ. ಬಂದವರು ನಿಂತಿರುವಾಗ ತಾವು ಕೂಡುವುದು ಸಭ್ಯತೆಯಲ್ಲವೆಂದು ಅವರೂ ಎದ್ದು ನಿಂತರು. ಸಾಹೇಬರಿಗೆ ಮಂಡಿನೋವು. ಕಾಕಾ ಸಂಘದ ಹುಟ್ಟಿನಿಂದ ಕತೆ ಶುರುಮಾಡಿದ, ಚಪ್ಪಲಿಗೆ ಬರುವಷ್ಟರಲ್ಲೇ ಅವರು ಕೈಮುಗಿದು ಒಳಗೆ ಹೋದರು. ಸೂರಿನ ಮಾತು ಬಾಯಲ್ಲೇ ಉಳಿಯಿತು. ಅಷ್ಟೂ ವರ್ಷಗಳಲ್ಲಿ ಅವನಿಗೆ ಮರ್ಯಾದೆಯಿಂದ ಖುರ್ಚಿ ಕೊಟ್ಟ ಅಧಿಕಾರಿ ಅವರೊಬ್ಬರೇ, ಅವರನ್ನೂ ಕಳೆದುಕೊಂಡು ಬಂದ.

ಅಷ್ಟರಲ್ಲಿ ಯುದ್ಧ ಬಂತು, ತುಟ್ಟಿ ಬಂತು. ಮಹಾಗಾಯಿ ಭತ್ತೆ, ಅಂದರೆ ತುಟ್ಟಿಭತ್ಯೆ, ಕೊಡುವತನಕ ಸಕ್ಕರೆ ತಿನ್ನುವುದಿಲ್ಲ ಎಂದು ಕಾಕಾ ಮೂರನೆಯ ನೇಮ ಹಿಡಿದ. ಹಿಂದೆಯೇ ರೇಷನ್ ಬಂದು ಯಾರ ಮನೆಯಲ್ಲೂ ಸಕ್ಕರೆ ಇಲ್ಲವಾಯಿತು. ಊರಿಗೆ ಊರೇ ಅವನ ನೇಮ ಪಾಲಿಸುತ್ತಿರುವಾಗ ಇವನ ನೇಮವನ್ನು ಗಮನಿಸುವವರು ಯಾರು? ಆಮೇಲೆ ಉಪ್ಪನ್ನೂ ಬಿಟ್ಟ. ಇದರಿಂದ ಅಧ್ಯಕ್ಷರ ಮನಸ್ಸು ಹೇಗೆ ಕರಗಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಈಗ ನೀವೇ ಹೇಳಿ. ನಮ್ಮ ದಿಗಂಬರ ಮುನಿಗಳು ಬರಿಗಾಲಲ್ಲಿ ನಡೆಯುತ್ತಾರೆ. ನಿಂತು ಉಣ್ಣುತ್ತಾರೆ. ಸಕ್ಕರೆ, ಉಪ್ಪು ಒಂದೊಂದಾಗಿ ಬಿಡುತ್ತಾರೆ. ಕಾಕಾ ಮಾಡುತ್ತಿದ್ದದ್ದೂ ಅದನ್ನೇ! ಊರಿನವರು ಇವನನ್ನು ಸಂಘದ ಸೆಕ್ರೆಟರಿ ಎನ್ನುವುದನ್ನು ಮರೆತೇಬಿಟ್ಟರು. ದೀಕ್ಷೆ ಯಾವಾಗ ಎಂದು ಬಸ್ತಿಯ ಪೂಜಾರಿ ಉಪಾಧ್ಯೆಯವರನ್ನು ವಿಚಾರಿಸತೊಡಗಿದರು. ನೇಸರಿ, ಗಡಹಿಂಗ್ಲಜ್ ಕಡೆಯ ನೆಂಟರು ದರ್ಶನಕ್ಕೆ ಬಂದು, ಉಂಡು, ಕಾಕಿಯ ಕಾಳಿನ ಗಡಿಗೆ ಖಾಲಿ ಮಾಡಿ ಹೋದರು. ಕಾಕಾ ಅವರಿಗೆಲ್ಲ ನಾಕಾದ ಸೂರಿನ ವಿಷಯ ಹೇಳುತ್ತಿದ್ದ. ಅವರು ಅದನ್ನು ಪ್ರವಚನವೆಂದು ಕೇಳಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಯುದ್ಧ ಮುಗಿದ ವರ್ಷ ಸಂಘ ಹೊಸ ಬೇಡಿಕೆ ಇಟ್ಟಿತು: ಶಿಪಾಯಿಗಳಿಗೆ ಡ್ರೆಸ್ ಕೊಡಬೇಕು. ಕೇಳಿದ್ದೇ ತಡ, ನನ್ನ ಅಜ್ಜಿ ಎದೆ ಬಡಿದುಕೊಂಡಳು. ಚಪ್ಪಲಿಗಾಗಿ ಚಪ್ಪಲಿ ಬಿಟ್ಟ ಮಗ ಡ್ರೆಸ್ಸಿಗಾಗಿ ಏನು ಬಿಟ್ಟಾನು? ಅವಳು ಕೋಲೂರಿಕೊಂಡು ಅಧ್ಯಕ್ಷರ ಅಂಗಡಿಗೇ ಹೋಗಿ, "ಶೇಟಜಿ, ನನ್ನ ಮಗ ಧೋತರ ಬಿಡೂದರೊಳಗ ಆ ಹುಡುಗರಿಗೆ ಅಂಗಿ ಕೊಟ್ಟಬಿಡ್ರಿ," ಎಂದಳು. ಅಧ್ಯಕ್ಷರು ಬೆವರಿದರು. ಮುನಿ ದಿಗಂಬರನಾದರೆ ಪೂಜೆ ಮಾಡಬಹುದು, ಜಕಾತಿ ಕಾರಕೂನ ದಿಗಂಬರನಾದರೆ ಕಚೇರಿ ನಡೆಸುವುದು ಹೇಗೆ! ವಾರದೊಳಗೆ ಮಂಜೂರಾಯಿತು. ಸೈನ್ಯದವರು ಮಾರಾಟಕ್ಕೆ ಹಾಕಿದ್ದ ದಪ್ಪ ಉಣ್ಣೆಯ ಕೋಟುಗಳು ಅಗ್ಗವಾಗಿ ಸಿಕ್ಕವು.

ಸಂಘ ಗೆದ್ದದ್ದು ಅದೊಂದೇ ಸಲ. ಗುಂಡೂ ಆ ಕೋಟು ಹಾಕಿಕೊಂಡು ಬಿದಿರಿನ ಪಕ್ಕ ನಿಂತದ್ದನ್ನು ನೋಡಲು ಕಾಕಾ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದ. ಕೋಟು ಮೊಣಕಾಲಿನ ಕೆಳಗೆ ಬರುತ್ತಿತ್ತು. ಗುಂಡೂ ನಗುತ್ತಿದ್ದ. ಕಾಕಾ ಅಷ್ಟು ಖುಷಿಯಾಗಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮಳೆಗಾಲ ಬಂತು. ಗೋಣಿಯ ಕೊಪ್ಪೆಯಾದರೆ ಹಿಂಡಿ ಒಣಗಿಸಬಹುದು. ಆ ಉಣ್ಣೆಯ ಕೋಟು ನೀರು ಕುಡಿದು ಕಲ್ಲಾಗುತ್ತಿತ್ತು, ವಾರವಾದರೂ ಒಣಗುತ್ತಿರಲಿಲ್ಲ. ಹೆಂಡತಿ ತೆಗೆದಿಡು ಎಂದರೆ ಗುಂಡೂ ಕೇಳಲಿಲ್ಲವಂತೆ. ಇದು ನಮ್ಮ ಸಂಘ ಕೊಡಿಸಿದ್ದು, ಇದನ್ನು ಬಿಟ್ಟು ನಿಂತರೆ ಸಾಹೇಬರಿಗೆ ಅವಮಾನ ಎಂದನಂತೆ. ಒದ್ದೆ ಕೋಟಿನೊಳಗೆ ನಿಂತು ನಿಂತು ಅವನ ಎದೆ ಕಟ್ಟಿತು. ಶ್ರಾವಣ ಮುಗಿಯುವ ಮೊದಲೇ ಸತ್ತ.

ಮ್ಯುನಿಸಿಪಾಲ್ಟಿ ಸಂತಾಪ ಸಭೆ ನಡೆಸಿತು. ಅಧ್ಯಕ್ಷರು ಗುಂಡೂನ ಸೇವೆಯನ್ನು ಕೊಂಡಾಡಿ, ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕೆಂದರು. ಎಲ್ಲರೂ ಎದ್ದು ನಿಂತರು. ಕಾಕಾನಿಗೆ ಮಾತ್ರ ಎದ್ದು ನಿಲ್ಲಲಾಗಲಿಲ್ಲ, ಅವನು ಮೊದಲಿನಿಂದಲೂ ನಿಂತೇ ಇದ್ದ.

ಆ ದಿನದಿಂದ ಕಾಕಾ ಅರ್ಜಿ ಬರೆಯುವುದನ್ನು ಬಿಟ್ಟ. ಇದನ್ನು ಬಿಡಲು ಬಸ್ತಿಗೆ ಹೋಗಲಿಲ್ಲ, ಕಾಯಿಯನ್ನೂ ಇಡಲಿಲ್ಲ. ಕಾಲುಗಳು ಬಾತಿದ್ದವು. ಕಾಕಿ ಬಿಸಿ ಎಣ್ಣೆ ಹಚ್ಚುತ್ತ, ಇನ್ನಾದರೂ ಕುಂದರ್ರಿ ಎಂದು ಬೇಡಿಕೊಳ್ಳುತ್ತಿದ್ದಳು. "ಈಗ ಕುಂತ್ರ ಅಂವ ಸತ್ತದ್ದು ಸುಮ್ನ ಆಗತೈತಿ," ಎಂದ ಕಾಕಾ. ಬಾತ ಕಾಲು ನೋಡಿಕೊಂಡು, "ನಿಂತದ್ದೂ ಸುಮ್ನನ ಆತು," ಎಂದ. ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ಅವನನ್ನು ನೋಡಿ ನಗುತ್ತಿದ್ದ ಮನೆಯಲ್ಲಿ ಯಾರಿಗೂ ನಗು ಬರಲಿಲ್ಲ. ಚಪ್ಪಲಿ ಬರಲಿಲ್ಲ, ಸೂರು ಬರಲಿಲ್ಲ, ಭತ್ತೆ ಬರಲಿಲ್ಲ. ಬಂದ ಒಂದು ಕೋಟು ಆಳನ್ನೇ ತಿಂದಿತು. ಇದಕ್ಕಿಂತ ಹತಾಶೆ ಬೇರೆ ಏನಿರುತ್ತದೆ?

ಗೌರಿ ಹುಣ್ಣಿಮೆಯ ಹೊತ್ತಿಗೆ ಒಂದು ಬೆಳಿಗ್ಗೆ ದೀಪ ಹಚ್ಚುವವನೊಬ್ಬ ಮನೆಗೆ ಬಂದು ಕಾಕಾನನ್ನು ನಾಕಾಕ್ಕೆ ಕರೆದ. ಕಾಕಿಯೂ ನಾನೂ ಹಿಂದೆ ಹೋದೆವು. ಬಿದಿರಿನ ಪಕ್ಕ ಒಂದು ಸೂರು ನಿಂತಿತ್ತು! ಕಸ ಗುಡಿಸುವವರು ಕಂಬ ತಂದಿದ್ದರು. ದೀಪದವರು ತಮ್ಮ ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳನ್ನು ಸೀಳಿ, ಬಡಿದು ಚಪ್ಪಟೆ ಮಾಡಿ ಹೊದಿಸಿದ್ದರು. ಬೆಲ್ಲದ ಗಾಡಿಯವರು ಸಂದಿಗೆ ಕಬ್ಬಿನ ರವದಿಯ ಒಣಗರಿ ತುರುಕಿದ್ದರು. ಕೆಳಗೆ ಒಂದು ಹಾಸುಗಲ್ಲು. ಉಪಾಧ್ಯೆಯವರನ್ನೂ ಕರೆಸಿದ್ದರು.

ಕಾಕಾ ಮುಖ ಗಂಟಿಕ್ಕಿದ. ಇದು ಮ್ಯುನಿಸಿಪಾಲ್ಟಿ ಕೊಡಬೇಕಾದದ್ದು, ನೀವು ಹೊಟ್ಟೆ ಕಟ್ಟಿ ಕೊಟ್ಟರೆ ಅವರೇ ಗೆದ್ದಂತೆ, ನಾನು ಕೂಡುವುದಿಲ್ಲ ಎಂದ. ನಾಕಾಕ್ಕೆ ಸೂರು ಬರಬೇಕೆಂದಷ್ಟೇ ನೇಮದಲ್ಲಿತ್ತು, ಯಾರು ಕಟ್ಟಿಸಬೇಕೆಂದು ನೀವು ಹೇಳಿರಲಿಲ್ಲ, ನಾನೇ ಕಿವಿಯಾರೆ ಕೇಳಿದ್ದೇನೆ ಎಂದರು ಉಪಾಧ್ಯೆಯವರು. ಕಾಕಾ ಜಗ್ಗಲಿಲ್ಲ.

ಆಗ ಗುಂಡೂನ ಹೆಂಡತಿ ಮುಂದೆ ಬಂದಳು. ಅವಳ ಕೈಯಲ್ಲಿ ಆ ಕೋಟು ಇತ್ತು, ಚೆನ್ನಾಗಿ ಒಣಗಿತ್ತು.

"ಸಾಯೂ ಮುಂದ ನಮ್ಮವರು ಸೂರಿನ ಸುದ್ದಿ ತಗೀಲಿಲ್ರಿ," ಎಂದಳು. "ಸಾಹೇಬ್ರ ಕಾಲ ನೋಡಾಕಾಗೂದಿಲ್ಲ, ನನ್ನ ಸಲುವಾಗಿ ನಿಂತಾರ, ಯಾರಾದರೂ ಅವರನ್ನ ಕುಂದರಸ್ರಿ ಅಂದ್ರು. ಅಷ್ಟ ಅಂದ್ರು."

ಅವಳು ಕೋಟನ್ನು ಮಡಿಸಿ ಕಲ್ಲಿನ ಮೇಲೆ ಹಾಸಿದಳು.

ಕಾಕಾ ಬಗ್ಗಿ ಅದನ್ನು ಎತ್ತಿಕೊಂಡು ಎದೆಗೆ ಅವಚಿಕೊಂಡ. ಕೂಡಲು ಹೋದರೆ ಮಂಡಿಗಳು ಮಡಿಚಲಿಲ್ಲ. ಇಬ್ಬರು ಎರಡೂ ರಟ್ಟೆ ಹಿಡಿದು ಮಗುವನ್ನು ಇಳಿಸಿದ ಹಾಗೆ ಅವನನ್ನು ಕಲ್ಲಿನ ಮೇಲೆ ಇಳಿಸಿದರು. ಕೂತವನೇ ಮುಖವನ್ನು ಆ ಕೋಟಿನಲ್ಲಿ ಮುಚ್ಚಿಕೊಂಡು ಅತ್ತ. ಕಾಕಿಯೂ ಅತ್ತಳು. ಸುತ್ತಲಿದ್ದವರೆಲ್ಲ ನಿಂತೇ ಇದ್ದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಎಲ್ಲರೂ ನಿಂತಿದ್ದು ಅವನೊಬ್ಬ ಕೂತಿದ್ದ.

ಕೋಟಿನಲ್ಲೇ ಕಣ್ಣೊರೆಸಿಕೊಂಡು ಕಾಕಾ ತಲೆಯೆತ್ತಿದ. "ನೀವೂ ಕುಂದರ್ರಿ," ಎಂದ.

ಆ ಸೂರಿನ ಕೆಳಗೆ ಇದ್ದದ್ದು ಒಬ್ಬ ಶಿಪಾಯಿ ಕೂಡುವಷ್ಟು ಜಾಗ. ಗುಂಡೂನ ಹೆಂಡತಿ, ಗುಡಿಸುವವರು, ದೀಪದವರು, ಉಪಾಧ್ಯೆಯವರು, ಕಾಕಿ, ನಾನು, ಎಲ್ಲರೂ ಒತ್ತಿಕೊಂಡು ಅದರೊಳಗೇ ಕೂತೆವು.