ಅಲಸಂದೆ ಬಳ್ಳಿಯ ಕರಿ ಹುಳುಗಳು

ಏನೂ ಗೊತ್ತಿಲ್ಲದವನು ಎಲ್ಲೋ ಒಂದು ಕಡೆ ಹೆದರಿ ನಿಲ್ಲುತ್ತಾನೆ. ಅರ್ಧ ಗೊತ್ತಿರುವವನು ನಿಲ್ಲುವುದಿಲ್ಲ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಹುನಗುಂದದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಬೆಳೆಗೆ ಹತ್ತುವ ಹೇನನ್ನು ತಿನ್ನುವ ಗುಲಗಂಜಿ ಹುಳು ರೈತನ ಮಿತ್ರ ಎಂದು ಪ್ರತಿ ವರ್ಷ ಕಲಿಸುತ್ತೇನೆ. ತರಗತಿಯ ಚಿತ್ರಪಟದಲ್ಲಿ ಅದು ದುಂಡಗೆ, ಕೆಂಪಗೆ, ಬೆನ್ನ ಮೇಲೆ ಕಪ್ಪು ಚುಕ್ಕಿ ಇಟ್ಟುಕೊಂಡು ಕೂತಿದೆ. ಅದಕ್ಕೂ ಒಂದು ಬಾಲ್ಯ ಇದ್ದೀತೆಂದು ನನಗೆ ಹೊಳೆದಿರಲಿಲ್ಲ.

ಈ ಚಳಿಗಾಲದಲ್ಲಿ ನನ್ನ ಹೆಂಡತಿ ಮಹಾದೇವಿ, ಅಕ್ಕನ ಆಪರೇಶನ್ ಆಯಿತೆಂದು ಮೂರು ವಾರ ಇಳಕಲ್ಲಿಗೆ ಹೋದಳು. ಹಿತ್ತಲಿನ ಹನ್ನೆರಡು ಅಲಸಂದೆ ಬಳ್ಳಿಗಳನ್ನು ನನಗೆ ಒಪ್ಪಿಸಿದಳು. ಬಾದಾಮಿಯಲ್ಲಿದ್ದ ಅವಳ ತಾಯಿ ತೀರಿಕೊಳ್ಳುವ ಮೊದಲು ಕೊಟ್ಟ ಬೀಜ ಅದು. ಇದ್ದಷ್ಟನ್ನೂ ಊರಿಬಿಟ್ಟಿದ್ದೇನೆ, ಕೈಯಲ್ಲಿ ಒಂದು ಕಾಳೂ ಉಳಿದಿಲ್ಲ ಎಂದು ಎರಡು ಸಲ ಹೇಳಿಯೇ ಬಸ್ಸು ಹತ್ತಿದಳು.

ನಾಲ್ಕನೆಯ ದಿನ ಬಳ್ಳಿಯ ಕುಡಿಗಳಿಗೆ ಕಪ್ಪು ಹೇನು ಹತ್ತಿತು. ಅದರ ನಡುವೆ ಉದ್ದನೆಯ, ಮುಳ್ಳುಮುಳ್ಳಾದ, ಪುಟ್ಟ ಮೊಸಳೆಯಂಥ ಕರಿ ಹುಳುಗಳು ಓಡಾಡುತ್ತಿದ್ದವು. ನೋಡಿದರೇ ಅಪರಾಧಿಗಳು. ಎರಡು ದಿನ ಕೂತು, ಒಂದೊಂದನ್ನೇ ಆರಿಸಿ ಸಾಬೂನು ನೀರಿಗೆ ಹಾಕಿದೆ. ಒಂದನ್ನೂ ಬಿಡಲಿಲ್ಲ. ವಾರದೊಳಗೆ ಹೇನು ಬಳ್ಳಿಗಳನ್ನು ಮುಚ್ಚಿಬಿಟ್ಟಿತು.

ಹಿಂದಿನ ಮನೆಯ ಶಂಕ್ರವ್ವ ಕುರಿ ಸಾಕುವವಳು, ಊರಾಚೆ ಎರಡು ಎಕರೆ ಕುಸುಬಿ ಬೆಳೆಯುವವಳು. ಮಜ್ಜಿಗೆ ಕೊಡಲು ಬಂದಾಗ ನನ್ನ ಸಾಬೂನು ನೀರಿನ ಡಬ್ಬಿ ಅವಳ ಕಣ್ಣಿಗೆ ಬಿತ್ತು. ಬಗ್ಗಿ, ತೇಲುತ್ತಿದ್ದ ಒಂದು ಹುಳುವನ್ನು ಬೆರಳಲ್ಲಿ ಎತ್ತಿ ನೋಡಿದಳು.

“ಮಾಸ್ತರ್ರ, ಇವನ್ಯಾಕ ಕೊಂದ್ರಿ? ಇವು ಗುಲಗಂಜಿ ಹುಳದ ಮರಿ ಅದಾವ್ರಿ. ಹೇನ ತಿನ್ನಾಕ ಬಂದಿದ್ವು.”

ಅವಳ ದನಿಯಲ್ಲಿ ಹಂಗಿಸುವಿಕೆ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ನಾನೂ ಏನಾದರೂ ವಾದ ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಅವಳ ಹೊಲಕ್ಕೆ ಹೋಗಿ, ಹೇನು ಹತ್ತಿದ ಕುಸುಬಿಯ ಮೇಲಿದ್ದ ಮರಿಗಳನ್ನು ಎಲೆಸಹಿತ ಊಟದ ಡಬ್ಬಿಗೆ ತುಂಬಿಕೊಂಡೆ. ದಾರಿಯಲ್ಲಿ ಸಿಕ್ಕ ನಮ್ಮ ಹೆಡ್ಮಾಸ್ತರರು ಡಬ್ಬಿಯಲ್ಲಿ ಏನೆಂದು ಕೇಳಿದರು. ಹುಳು ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಮರಿಗಳನ್ನು ಬಳ್ಳಿಗಳ ಮೇಲೆ ಬಿಟ್ಟು, ದಿನಾ ಎರಡು ಹೊತ್ತು ಕನ್ನಡಕ ಹಾಕಿಕೊಂಡು ಅವುಗಳ ಊಟ ನೋಡುತ್ತಾ ನಿಂತೆ. ಒಂಬತ್ತು ಬಳ್ಳಿ ಹೋದವು. ಮೂರು ಬದುಕಿದವು.

ಮಹಾದೇವಿ ಬಂದ ದಿನ ಚೀಲ ಇಳಿಸುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅವಳು ಹಿತ್ತಲಿಗೆ ಹೋಗಿ ಒಣಗಿದ ಬಳ್ಳಿಗಳನ್ನು ಮುಟ್ಟಿ ನೋಡಿ ಬಂದಳು.

“ನೀವು ಸಾಲಿ ಮಾಸ್ತರು ಅಂತ ನಂಬಿ ಬಿಟ್ಟು ಹೋದೆ. ತಪ್ಪು ನಂದ.”

ಮೂರು ಬಳ್ಳಿಗಳ ಕಾಯಿ ಒಣಗಿದ ಮೇಲೆ ಎರಡು ಬೊಗಸೆ ಕಾಳು ಸಿಕ್ಕಿತು. ಅವಳು ಅದನ್ನು ಬೂದಿಯಲ್ಲಿ ಹೊರಳಿಸಿ ಎರಡು ಗಂಟು ಕಟ್ಟಿದಳು. ಒಂದನ್ನು ಅಡುಗೆಮನೆಯ ಮೇಲಿನ ಹಲಗೆಯ ಮೇಲೆ, ನನಗೆ ಎಟುಕದಷ್ಟು ಒಳಗೆ ಇಟ್ಟಳು. ಇನ್ನೊಂದನ್ನು ಶಂಕ್ರವ್ವನ ಮನೆಗೆ ಕೊಟ್ಟುಬರಲು ನನ್ನನ್ನೇ ಕಳಿಸಿದಳು. ಯಾಕೆಂದು ಅವಳು ಹೇಳಲಿಲ್ಲ. ಇಷ್ಟು ವರ್ಷ ಪಾಠ ಹೇಳಿದವನು, ಹುಳದ ಗುರುತು ಗೊತ್ತಿರುವವರ ಮನೆಯಲ್ಲೂ ಬೀಜ ಇರಲಿ ಎಂಬಷ್ಟನ್ನು ನಾನೇ ಅರ್ಥ ಮಾಡಿಕೊಂಡೆ.