ಮಾವನವರ ಮಚ್ಚೆ ಮತ್ತು ನನ್ನ ಏಳನೇ ನಿಯಮ

ಇಪ್ಪತ್ತೆರಡು ವರ್ಷದಿಂದ ಪಾಂಡವಪುರದ ಮುಖಗಳನ್ನೆಲ್ಲ ತಿದ್ದಿ ತೀಡಿದವನು ನಾನು, ಸ್ಟುಡಿಯೊ ತಿಮ್ಮರಾಜು! ಅಂಥವನಿಗೆ ಒಂದು ಯಂತ್ರಕ್ಕೆ ಪಾಠ ಹೇಳುವುದು ಯಾವ ಮಹಾ ಕೆಲಸ? ಹಾಗಂತ ಎದೆ ತಟ್ಟಿಕೊಂಡು ಹೇಳಿದ್ದೆ. ಕೇಳಿಸಿಕೊಂಡವರು ಇಬ್ಬರು: ನನ್ನ ಹೆಂಡತಿ ಅರ್ಪಿತ ಮತ್ತು ನಾಗಮಂಗಲದಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿರುವ ಗೆಳೆಯ ರಘುನಂದನ್.

ಈ ರಘುನಂದನ್ ನನಗಾಗಿ ಫೋಟೊ ತಿದ್ದುವ ಫಿಲ್ಟರ್ ಟೂಲ್ ಒಂದನ್ನು ಮಾಡಿಕೊಟ್ಟಿದ್ದ. ಅದನ್ನು ನಡೆಸಲು ಒಂದು ಎಐ ಏಜೆಂಟನ್ನೂ ಕಂಪ್ಯೂಟರಿನೊಳಗೆ ಕೂರಿಸಿದ್ದ. ನಾನು ಫೋನಿನಿಂದ ಫೋಟೊ ಕಳಿಸಿದರೆ ಸಾಕು, ಏಜೆಂಟು ತಾನೇ ಫಿಲ್ಟರ್ ಆರಿಸಿ, ತಿದ್ದಿ, ಪ್ರಿಂಟಿಗೆ ಹಾಕುತ್ತದೆ. ಬಾಕಿ ಇದ್ದದ್ದು ಒಂದೇ. ಯಾವ ಫಿಲ್ಟರನ್ನು ಯಾವಾಗ, ಹೇಗೆ ಬಳಸಬೇಕೆಂದು ಏಜೆಂಟಿಗೆ ಬರೆದುಕೊಡಬೇಕು.

“ಹುಷಾರಾಗಿ ಬರಿಯಣ್ಣ,” ಅಂದ ರಘುನಂದನ್. “ನೀನು ಬರ್ದಿದ್ದೇ ಅದಕ್ಕೆ ವೇದ. ಅರ್ಧ ಯೋಳಿದ್ರೆ ಪೂರ್ತಿ ಅರ್ಥ ಮಾಡ್ಕೊಳ್ಳಕ್ಕೆ ಅದೇನು ನಿನ್ನ ಹೆಂಡ್ತಿಯಲ್ಲ.”

ಬರೆದೆ! ಶಾಸನ ಕೆತ್ತಿದ ಹಾಗೆ ನಾಲ್ಕು ಪುಟ ಬರೆದೆ. ನಮ್ಮ ಸ್ಟುಡಿಯೊ ನಡೆಯುವುದೇ ಮದುವೆಗೆ ಗಂಡು-ಹೆಣ್ಣು ತೋರಿಸುವ ಫೋಟೊಗಳಿಂದ. ಹಾಗಾಗಿ ಏಳನೇ ನಿಯಮಕ್ಕೆ ವಿಶೇಷ ಗತ್ತು ಕೊಟ್ಟೆ: ‘ಮುಖದ ಮೇಲೆ ಕಲೆ, ಮಚ್ಚೆ, ಗಾಯ, ಸುಕ್ಕು ಏನು ಕಂಡರೂ ಅಳಿಸಿಹಾಕು. ಯಾರನ್ನೂ ಕೇಳುತ್ತ ಕೂರಬೇಡ.’

ಅರ್ಪಿತ ಓದಿ ಹುಬ್ಬೇರಿಸಿದಳು. “ಅಲ್ರೀ, ಎಲ್ಲಾರ್ಗೂ ಇದೇನಾ?”

“ಮುಖ ಅಂದ್ರೆ ಮುಖ ಕಣೆ! ಅದ್ರಲ್ಲೇನು ನಿಂದು?”

“ಏನಿಲ್ಲ ಬುಡಿ,” ಅಂದು ಒಳಗೆ ಹೋದಳು. ಆ ‘ಏನಿಲ್ಲ ಬುಡಿ’ಗೆ ಹೆದರದ ಗಂಡಸು ನಾನೊಬ್ಬನೇ ಇರಬೇಕು.

ಒಂದು ತಿಂಗಳು ದಿಗ್ವಿಜಯ! ಅಕ್ಕಿಹೆಬ್ಬಾಳಿನಿಂದಲೂ ಹುಡುಕಿಕೊಂಡು ಬಂದರು. ಆಮೇಲೆ ಕ್ಯಾತನಹಳ್ಳಿಯಲ್ಲಿ ನನ್ನ ಮಾವ ಕೆಂಪಣ್ಣನವರು ತೀರಿಕೊಂಡರು.

ನಮ್ಮ ಅತ್ತೆ ಬೆಟ್ಟಮ್ಮ ಅಳಲಿಲ್ಲ. ಕಂಬಕ್ಕೆ ಒರಗಿ ಕೂತವರು ಕೂತೇ ಇದ್ದರು. ಮೂರನೇ ದಿನ ನನ್ನನ್ನು ಕರೆದು, “ಅಳಿಮಯ್ಯ, ನಂಗಿನ್ನೇನೂ ಬ್ಯಾಡ. ತಿಥಿ ದಿನಕ್ಕೆ ಅವ್ರ ಮುಖ ಒಂದು ಗೋಡೆ ಮೇಲೆ ಇರಂಗೆ ಮಾಡ್ಕೊಡು,” ಅಂದರು. ತೊಣ್ಣೂರು ಕೆರೆ ಏರಿ ಮೇಲೆ ನಾನೇ ತೆಗೆದ ಫೋಟೊ ಇತ್ತು. ‘ದೊಡ್ಡದು ಮಾಡು’ ಅಂತ ಏಜೆಂಟಿಗೆ ಕಳಿಸಿ, ಶಾಮಿಯಾನ, ಪಾತ್ರೆ ಅಂತ ಓಡಾಡಿದೆ. ಪ್ರಿಂಟು ನೇರ ಕಟ್ಟು ಹಾಕುವ ಅಂಗಡಿಗೆ ಹೋಗಿ, ಅಲ್ಲಿಂದ ಪೇಪರು ಸುತ್ತಿದ ಫೋಟೊ ಬಂತು. ಬಿಚ್ಚಿ ನೋಡಲಿಲ್ಲ. ಯಾಕೆ ನೋಡಲಿ? ನಿಯಮ ಬರೆದವನು ನಾನೇ ಅಲ್ಲವೇ!

ಹನ್ನೊಂದನೇ ದಿನ. ಎಡೆಗೆ ಮುದ್ದೆ, ಕೋಳಿಸಾರು, ಬೀಡಿಕಟ್ಟು, ಮಾವನವರಿಗೆ ಪ್ರಿಯವಾದದ್ದೆಲ್ಲ ಸಿದ್ಧವಾಗಿತ್ತು. ಹಾರ ಹಿಡಿದು ಪೇಪರು ಬಿಚ್ಚಿದೆ.

ಪಕ್ಕದ ಮನೆಯ ಚಿಕ್ಕಬೋರಮ್ಮ ಕಣ್ಣು ಕಿರಿದು ಮಾಡಿ ನೋಡಿದರು. “ಯಾರವ್ವಾ ಈ ಗಂಡು? ಯಾವ ಎಣ್ಣು ನೋಡಕ್ಕೆ ಬಂದವ್ನೆ?”

ಅಯ್ಯೋ ದೇವರೇ! ಮೂಗಿನ ಪಕ್ಕದ ಕಡಲೆಕಾಳಿನಷ್ಟು ಮಚ್ಚೆ ಇಲ್ಲ. ಆಲೆಮನೆಯಲ್ಲಿ ಬೆಲ್ಲದ ಪಾಕ ಸಿಡಿದು ಹುಬ್ಬಿನ ಮೇಲಾದ ಸುಟ್ಟಗಾಯ ಇಲ್ಲ. ಹಣೆಯ ನಾಮವನ್ನೂ ಕಲೆ ಅಂದುಕೊಂಡು ತೊಳೆದುಬಿಟ್ಟಿದೆ. ಎಪ್ಪತ್ತೆಂಟರ ಮಾವ ಇಪ್ಪತ್ತೆಂಟರ ಮದುಮಗನಾಗಿ ನನ್ನನ್ನೇ ನೋಡಿ ನಗುತ್ತಿದ್ದರು.

ಎಡೆಯನ್ನು ಸೂರಿನ ಮೇಲೆ ಇಟ್ಟದ್ದಾಯಿತು. ಕಾಗೆ ಬರಲಿಲ್ಲ. ಅರ್ಧ ಗಂಟೆ. ಮುಕ್ಕಾಲು ಗಂಟೆ! ಕಾಗೆ ಮುಟ್ಟದೆ ಯಾರೂ ಎಲೆ ಮುಂದೆ ಕೂರುವಂತಿಲ್ಲ. ಇನ್ನೂರು ಜನ ಹಸಿದ ಹೊಟ್ಟೆಯಲ್ಲಿ ಆಕಾಶ ನೋಡುತ್ತ ನಿಂತರು.

“ಎಲ್ಲಿಂದ ಬಂದಾನು ಕೆಂಪಣ್ಣ?” ಅಂದರು ಚಿಕ್ಕಬೋರಮ್ಮ. “ಬಾಗ್ಲಲ್ಲಿ ಫೋಟೊ ನೋಡಿ, ಇದ್ಯಾರ್ದೋ ಮನೆ ಅಂತ ವಾಪ್ಸು ಒಂಟೋಗಿರ್ತಾನೆ.”

ನಗು ಎದ್ದಿತು. ಅಷ್ಟರಲ್ಲಿ ಬೆಟ್ಟಮ್ಮನವರು ಎದ್ದು ಬಂದು ಫೋಟೊ ಮುಂದೆ ಕೂತರು. ಸೆರಗಿನಿಂದ ಗಾಜು ಒರೆಸಿದರು. ಮೂಗಿನ ಪಕ್ಕ ಇನ್ನೊಂದು ಸಲ ಒತ್ತಿ ಉಜ್ಜಿದರು. ಆಮೇಲೆ ಮೆಲ್ಲಗೆ, “ಇವ್ರಲ್ಲ,” ಅಂದರು. ನಗು ನಿಂತಿತು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು ನನಗೆ.

ಬೈಕ್ ಹತ್ತಿ ಪಾಂಡವಪುರಕ್ಕೆ ಓಡಿದೆ. ಏಜೆಂಟಿನ ಕಿವಿಗೂ ಹಾಕದೆ ಮೂಲ ಫೋಟೊವನ್ನು ನಾನೇ ಪ್ರಿಂಟ್ ತೆಗೆದು ತಂದೆ. ಅಷ್ಟರಲ್ಲಿ ಕಾಗೆ ಬಂತೋ, ಜನರಿಗೇ ತಡೆಯಲಾಗಲಿಲ್ಲವೋ, ಎರಡನೇ ಪಂಕ್ತಿ ನಡೆಯುತ್ತಿತ್ತು. ಅತ್ತೆ ಮಾತ್ರ ಇದ್ದಲ್ಲೇ ಇದ್ದರು. ಫೋಟೊ ಕೈಗೆ ಕೊಟ್ಟೆ. ಅವರ ಹೆಬ್ಬೆರಳು ನೇರ ಮಚ್ಚೆಯ ಮೇಲೆ ಹೋಗಿ ನಿಂತಿತು. ಹನ್ನೊಂದು ದಿನದಿಂದ ತಡೆದಿದ್ದ ಅಳು ಆಗ ಬಂತು. ಅರ್ಪಿತಳೂ ಅತ್ತಳು, ನಾನೂ ಅತ್ತೆ.

“ಆ ಹಾಳು ಯಂತ್ರನ ಇವತ್ತೇ ಕಿತ್ತು ಎಸೀತೀನಿ ಅತ್ತೆ,” ಅಂದೆ.

“ಅದಕ್ಯಾಕಪ್ಪ ಬೈತೀಯ?” ಅವರು ಕಣ್ಣೊರೆಸಿಕೊಂಡರು. “ಪಾಪ, ಅದು ಯೋಳ್ದಂಗೆ ಕೇಳೈತೆ. ಯೋಳ್ಕೊಟ್ಟೋರು ಯಾರು?”

ನಾನು ಹಾರ ತಂದು ಮಾವನವರ ಫೋಟೊಗೆ ಹಾಕಿದೆ.

ತಿಂಗಳ ನಂತರ ಅರ್ಪಿತ ನನ್ನ ಏಳನೇ ನಿಯಮ ಹೊಡೆದುಹಾಕಿ ಹೊಸದು ಬರೆದಳು: ‘ಮುಖದಲ್ಲಿ ಏನನ್ನೇ ಬದಲಾಯಿಸುವ ಮೊದಲು ಮನೆಯವರನ್ನು ಕೇಳು.’ ಸರಿಯಾಗಿ ನಡೆಯುತ್ತದೋ ನೋಡೋಣ ಅಂತ, ಅಂಗಡಿ ಬೋರ್ಡಿಗೆಂದು ನನ್ನದೇ ಫೋಟೊ ಕಳಿಸಿದೆ. ನಿಮಿಷದಲ್ಲಿ ಅವಳ ಫೋನಿಗೆ ಪ್ರಶ್ನೆ ಬಂತು: ‘ಇವರ ತಲೆಯ ಮುಂಭಾಗದಲ್ಲಿ ಕೂದಲಿಲ್ಲ. ತುಂಬಿಸಲೇ?’

ನಾನು ಆಸೆಯಿಂದ ಅವಳ ಮುಖ ನೋಡಿದೆ.

ಅವಳು ನನ್ನ ತಲೆಯನ್ನೊಮ್ಮೆ ನೋಡಿ, ಗಟ್ಟಿಯಾಗಿ ಓದುತ್ತಲೇ ಉತ್ತರ ಬರೆದಳು: “ಬೇಡ, ಅಂಗೇ ಬುಡು. ಇಷ್ಟು ವರ್ಷ ನಾನು ಬಾಳಿರೋದು ಈ ಬೋಳುತಲೆ ಜೊತೇಲಿ. ನಾಳೆ ನಂಗೆ ಗುರ್ತು ಸಿಗ್ಬೇಕು.”