ಬಾವಿಕಟ್ಟೆಯ ಶಾಸನ ತೋರಿಸಲು ಹೋಗಿ

ಲಷ್ಕರ್ ಮೊಹಲ್ಲಾದ ಇತಿಹಾಸವನ್ನು ನನ್ನಷ್ಟು ನಡೆದು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದ ಕಾಲವದು. ಹಳೇ ಬಾವಿಕಟ್ಟೆಯ ಪಕ್ಕ ಅಕ್ಷರ ಕೆತ್ತಿದ ಕಲ್ಲೊಂದನ್ನು ಕಂಡವನೇ ಶಾಲೆಯ ಪತ್ರಿಕೆಗೆ ನಾಲ್ಕು ಪುಟ ಬರೆದುಕೊಟ್ಟೆ. ಅದೇ ನನ್ನ ಗ್ರಹಚಾರ!

ನಾನಾಗ ಹಂಗಾಮಿ ಇತಿಹಾಸದ ಮೇಷ್ಟ್ರು. ನನ್ನನ್ನು ಕಾಯಂ ಮಾಡಬೇಕಾದ ಇನ್‌ಸ್ಪೆಕ್ಟರು ಲೇಖನ ಓದಿ ಒಂದು ಬೆಳಿಗ್ಗೆ ಬಂದೇಬಿಟ್ಟರು.

"ಮೊದಲು ಕಲ್ಲು ತೋರಿಸ್ರೀ ಮೇಷ್ಟ್ರೇ. ಆಮೇಲೆ ನಿಮ್ಮ ಕಾಗದಕ್ಕೆ ರುಜು."

"ಹತ್ತೇ ಹೆಜ್ಜೆ ಸಾರ್!"

ಬಾವಿ ಇತ್ತು. ಕಟ್ಟೆ ಇತ್ತು. ಕಲ್ಲಿದ್ದ ಜಾಗದಲ್ಲಿ ಗುಂಡಿ ಇತ್ತು! ಕಲ್ಲು ಕಾಣುತ್ತಿಲ್ಲ ಎಂದು ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು, "ಇದಲ್ಲ ಸಾರ್, ಇನ್ನೊಂದು ಬಾವಿ" ಎಂದುಬಿಟ್ಟೆ.

ಆ ಇಲ್ಲದ ಬಾವಿಯನ್ನು ಹುಡುಕುತ್ತಾ ಬನ್ನಿಮಂಟಪದವರೆಗೆ ನಡೆದೆವು! ದಾರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಬಗ್ಗಿ ಬಗ್ಗಿ ನೋಡಿದೆ. ಒಂದರ ಮೇಲೆ ಅಕ್ಷರವೂ ಇತ್ತು, ಅದು ಮೈಲಿಗಲ್ಲು. ಬಿಸಿಲೇರಿತು. ಇನ್‌ಸ್ಪೆಕ್ಟರಿಗೆ ಬೂಟು ಕಚ್ಚತೊಡಗಿತು.

"ಆ ಲೇಖನ ಬರೆದೋರು ನೀವೇನಾ?" ಎಂದರು. ಕೆಲಸ ಹೋಯಿತೆಂದೇ ಅನ್ನಿಸಿತು.

ಕುಂಟುತ್ತಾ ಮತ್ತೆ ಮೊದಲಿನ ಬಾವಿಗೇ ಬಂದೆವು. ಪಕ್ಕದ ಬೀದಿಯ ಮರಿಯಮ್ಮ ನೀರು ಸೇದುತ್ತಿದ್ದರು.

"ಇಲ್ಲೊಂದು ಕಲ್ಲಿತ್ತೇನಮ್ಮ?" ಇನ್‌ಸ್ಪೆಕ್ಟರು ಕೇಳಿದರು.

"ಇತ್ತಲ್ಲ! ಹೋದ ತಿಂಗಳು ಈ ಮೇಷ್ಟ್ರ ಮನೆಯೋರೇ ಗಾಡೀಲಿ ಏರಿಸ್ಕೊಂಡೋದ್ರು ಕಣ್ರೀ."

ಮನೆಗೆ ಬಂದು ನೋಡಿದರೆ, ಹಿತ್ತಲಲ್ಲಿ ನನ್ನ ಹೆಂಡತಿ ಶಾರದೆ ಅದೇ ಕಲ್ಲಿನ ಮೇಲೆ ನನ್ನ ಪಂಚೆ ಒಗೆಯುತ್ತಿದ್ದಳು!

"ಅಯ್ಯೋ, ಏನೇ ಇದು!"

"ನಿಮ್ಮನ್ನ ಕೇಳೇ ತರಿಸ್ದೆ ಕಣ್ರೀ. ಅದೇನೋ ಬರೀತಾ ಕೂತಿದ್ರಿ, ತಲೆ ಎತ್ತದೆ ಹೂಂ ಅಂದ್ಬುಟ್ರಿ."

"ಒಂದು ತಿಂಗಳಿಂದ ಇಲ್ಲೇ ಇದೆಯಾ?"

"ಒಗೆಯೋ ಕಲ್ಲಿನ ಕಡೆ ನೀವು ಯಾವತ್ತು ತಿರುಗಿ ನೋಡಿದೀರಿ? ಆ ಅಕ್ಷರಕ್ಕೆ ಉಜ್ಜಿದ್ರೆ ಕೊಳೆ ಎಷ್ಟು ಚೆನ್ನಾಗಿ ಬುಡುತ್ತೆ ಗೊತ್ತಾ!"

ಇನ್‌ಸ್ಪೆಕ್ಟರು ಮಂಡಿಯೂರಿ, ಸೋಪಿನ ನೊರೆ ಒರೆಸಿ, ಬಹಳ ಹೊತ್ತು ಓದಿದರು. ಆಮೇಲೆ ನನ್ನ ಕಾಗದ ತೆಗೆದು, 'ಇತಿಹಾಸ' ಎಂಬುದನ್ನು ಹೊಡೆದುಹಾಕಿ, 'ಡ್ರಿಲ್' ಎಂದು ಬರೆದು ರುಜು ಹಾಕಿದರು.

"ಕಾಯಂ ಮಾಡಿದೀನಿ. ಕಣ್ಣು ಹೇಗೋ ಏನೋ, ಕಾಲು ಮಾತ್ರ ಗಟ್ಟಿಯಾಗಿದೆ ಕಣ್ರೀ!"

ಕಲ್ಲನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಪಕ್ಕದ ಹಲಗೆಯಲ್ಲಿ, ಕಾಪಾಡಿದವರು ಎಂಬಲ್ಲಿ ಶಾರದೆಯ ಹೆಸರಿದೆ. ನಾನು ದಿನಾ ಅದರ ಮುಂದೆಯೇ ಮಕ್ಕಳಿಗೆ ಲೆಫ್ಟ್ ರೈಟ್ ಮಾಡಿಸುತ್ತೇನೆ.